ಜಾಲರಿಯ ಕೆಳಗಿನ ನೀರು

“ಡಬ್ಬಿ ಬಿಟ್ಟು ಹೋಗ್ತಿದ್ದಾನೆ ಅಂತ ಹೇಳಮ್ಮ ಅವನಿಗೆ” ಎಂದೆ.

ತಮ್ಮ ನನ್ನಿಂದ ಒಂದು ಮೊಳ ದೂರದಲ್ಲೇ, ಬಾಗಿಲ ಹತ್ತಿರ ಕೂತು ಬೂಟಿನ ದಾರ ಬಿಗಿಯುತ್ತಿದ್ದ.

“ಡಬ್ಬಿ ಬಿಟ್ಟಿದ್ದೀಯಂತಲ್ಲೋ” ಎಂದಳು ಅಮ್ಮ.

“ಮರೆತು ಬಿಟ್ಟಿಲ್ಲ. ಇವತ್ತು ಗಂಟಲಲ್ಲಿ ಏನೂ ಇಳಿಯಲ್ಲ ಅಂತ ಹೇಳು ಅವಳಿಗೆ.”

ಅಮ್ಮ ಒಲೆ ಆರಿಸಿ ಇಬ್ಬರನ್ನೂ ನೋಡಿದಳು. “ಬೀದಿಯ ಆ ಕಡೆ ಈ ಕಡೆ ಇರೋರಿಗೆ ಮಧ್ಯಸ್ಥಿಕೆ ಮಾಡೋದು ಕೇಳಿದ್ದೀನಿ. ಒಂದೇ ಚಾಪೆ ಮೇಲೆ ಕೂತೋರಿಗೆ ಮಾಡ್ತಿರೋಳು ನಾನೊಬ್ಬಳೇ ಇರಬೇಕು. ಸಂಬಳನಾದ್ರೂ ಗೊತ್ತು ಮಾಡಿ.”

ಬೇರೆ ದಿನವಾಗಿದ್ದರೆ ಇಬ್ಬರೂ ಮುಖ ತಿರುಗಿಸಿಕೊಂಡಾದರೂ ನಗುತ್ತಿದ್ದೆವೇನೋ. ಅವನು ಎದ್ದು ಹೋದ. ಅವನು ಬೀದಿಯ ತಿರುವು ದಾಟುವವರೆಗೆ ನಾನು ಹೊಸ್ತಿಲಲ್ಲೇ ನಿಂತಿದ್ದು, ಆಮೇಲೆ ಹೊರಟೆ. ಅದೇ ರಸ್ತೆ, ಅದೇ ಕಾರ್ಖಾನೆಯ ಅದೇ ಗೇಟು. ಮುಂದೆ ಅವನ ಬೆನ್ನು, ಹಿಂದೆ ನಾನು.

ನಮ್ಮದು ಕಾಗದದ ಕಾರ್ಖಾನೆ. ನಾನು ಲ್ಯಾಬಿನಲ್ಲಿ ನೀರು, ತಿರುಳು, ಹಾಳೆಗಳ ಪರೀಕ್ಷೆ ಮಾಡುವವಳು. ಎಲ್ಲರ ಬಾಯಲ್ಲೂ ಲ್ಯಾಬಮ್ಮ. ತಮ್ಮ ಎರಡನೇ ಯಂತ್ರದ ಹಸಿ ತುದಿಯಲ್ಲಿ, ಎಂದರೆ ತಿರುಳುನೀರು ಬೀಳುವ ಕಡೆ, ಜಾಲರಿ ನೋಡಿಕೊಳ್ಳುವವನು. ಅಪ್ಪ ಬದುಕಿದ್ದಾಗ ಆ ಜಾಗದಲ್ಲಿ ಅಪ್ಪನೇ ನಿಲ್ಲುತ್ತಿದ್ದ.

ಮಾತು ನಿಂತದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಚಳಿಗಾಲದಲ್ಲೊಂದು ದಿನ ಹಾಳೆ ಪದೇ ಪದೇ ತೂತಾಗುತ್ತಿತ್ತು. ಜಾಲರಿ ಸರಿಯಾಗಿ ತೊಳೆದಿಲ್ಲ ಎಂದು ನಾನು ವರದಿ ಕೊಟ್ಟೆ. ಸಾಹೇಬರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ನಾನು ಬರೆದದ್ದು ಸುಳ್ಳಲ್ಲ. ತೊಳೆಯುವ ಪೈಪು ಹಿಂದಿನ ಪಾಳಿಯಲ್ಲೇ ಕಟ್ಟಿಕೊಂಡಿತ್ತು ಎಂಬ ಅವನ ಮಾತೂ ಸುಳ್ಳಲ್ಲ. ಆದರೆ ಅವನು ಅದನ್ನು ನನಗೆ ಹೇಳಲಿಲ್ಲ, ಅಮ್ಮನಿಗೆ ಹೇಳಿದ. ಒಂದು ದಿನ ಸುಮ್ಮನಿದ್ದೆವು. ಮರುದಿನ ಮಾತಾಡಿಸುವುದು ಸ್ವಲ್ಪ ಕಷ್ಟವಾಯಿತು. ಅದರ ಮರುದಿನ ಇನ್ನೂ ಸ್ವಲ್ಪ. ಮೌನಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ, ಅದು ತಾನಾಗಿ ಗಟ್ಟಿಯಾಗುತ್ತದೆ.

ಆ ಬೆಳಿಗ್ಗೆ ಅವನ ಗಂಟಲಲ್ಲಿ ಅನ್ನ ಇಳಿಯದಿದ್ದುದಕ್ಕೆ ಕಾರಣ ಬೇರೆ. ಹಿಂದಿನ ದಿನ ಸಾಹೇಬರು ಎರಡನೇ ಯಂತ್ರದವರನ್ನೆಲ್ಲ ಸೇರಿಸಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು. ಪುಸ್ತಕ ಅಚ್ಚುಹಾಕುವ ಒಂದು ಕಂಪನಿಗೆ ತೆಳು ಕಾಗದ ಬೇಕು. ಆ ಕಂಪನಿಯವರು ನಾಳೆ ನೋಡಲು ಬರುತ್ತಾರೆ. ಬೆಳಗಿನ ಪಾಳಿ ಮುಗಿಯುವುದರೊಳಗೆ ಒಂದು ಪೂರ್ತಿ ರೋಲ್ ಎಲ್ಲೂ ಹರಿಯದೆ ಬರಬೇಕು. ಬಂದರೆ ಯಂತ್ರ ಉಳಿಯುತ್ತದೆ. ಬರದಿದ್ದರೆ ಅದನ್ನು ಕಳಚಿ ಗುಜರಿಗೆ ಹಾಕುವುದೆಂದು ಮೇಲಿನವರು ಆಗಲೇ ತೀರ್ಮಾನಿಸಿಯಾಗಿದೆ. “ಆಮೇಲೆ ನಿಮಗೆ ಕೊಡೋದಕ್ಕೆ ನನ್ನ ಹತ್ರ ಬೇರೆ ಜಾಗ ಇಲ್ಲ” ಎಂದಿದ್ದರು. ತಮ್ಮನಿಗೆ ಬೇರೆ ಕೆಲಸ ಗೊತ್ತಿಲ್ಲ. ಹೈಸ್ಕೂಲು ಬಿಟ್ಟು ಬಂದವನು ಅಪ್ಪನ ಪಕ್ಕ ನಿಂತು ಜಾಲರಿಯನ್ನೊಂದೇ ಕಲಿತವನು.

ಕಾಗದವಾಗುವ ಮೊದಲು ಅದು ಬಹುಪಾಲು ನೀರೇ. ತಿರುಳು ಕಲಸಿದ ನೀರು ಓಡುತ್ತಿರುವ ಜಾಲರಿಯ ಮೇಲೆ ಬೀಳುತ್ತದೆ. ನೀರು ಕೆಳಗೆ ಸೋರಿ, ಮೇಲೆ ಹಾಳೆ ನಿಲ್ಲುತ್ತದೆ. ಆದರೆ ಸಣ್ಣ ನಾರಿನ ಚೂರುಗಳು, ಹಾಳೆಯನ್ನು ಬೆಳ್ಳಗೆ ಮಾಡುವ ಸುಣ್ಣದ ಪುಡಿ, ಇವೆಲ್ಲ ಎಷ್ಟು ಸಣ್ಣವೆಂದರೆ ಬಿಟ್ಟರೆ ನೀರಿನ ಜೊತೆ ಜಾಲರಿ ದಾಟಿ ಹೋಗಿಬಿಡುತ್ತವೆ. ಅವನ್ನು ಒಂದಕ್ಕೊಂದು ಹಿಡಿದು ಸಣ್ಣ ಸಣ್ಣ ಗುಂಪು ಮಾಡಲು ಒಂದು ಪಾಲಿಮರ್ ಹಾಕುತ್ತೇವೆ. ಅದರ ಪೂರ್ತಿ ಹೆಸರು ಚೀಲದ ಮೇಲೆ ಎರಡು ಸಾಲಿನಷ್ಟಿದೆ. ನಮ್ಮಲ್ಲಿ ಎಲ್ಲರೂ ಲೋಳೆ ಎನ್ನುತ್ತಾರೆ. ನೀರಿನಲ್ಲಿ ಕರಗಿಸಿದಾಗ ಅದು ಹಾಗೆಯೇ ಇರುತ್ತದೆ, ಬೆರಳಲ್ಲಿ ಎತ್ತಿದರೆ ದಾರದಂತೆ ಉದ್ದಕ್ಕೆ ಬರುತ್ತದೆ. ಲೋಳೆ ಸರಿಯಾಗಿದೆಯೋ ಇಲ್ಲವೋ ಎಂದು ಜಾಲರಿಯ ಕೆಳಗಿನ ನೀರು ಹೇಳುತ್ತದೆ. ತಿಳಿಯಾಗಿದ್ದರೆ ಎಲ್ಲ ಹಾಳೆಯಲ್ಲೇ ನಿಂತಿದೆ. ಹಾಲಿನ ಹಾಗಿದ್ದರೆ ಸೋರಿ ಹೋಗುತ್ತಿದೆ.

ಲೋಳೆಯ ಪಂಪು ಇರುವುದು ರಾಸಾಯನಿಕಗಳನ್ನು ಇಡುವ ಔಷಧಿ ಕೋಣೆಯಲ್ಲಿ. ಆ ಕೋಣೆಗೂ ಯಂತ್ರದ ಅಂಗಳಕ್ಕೂ ನಡುವೆ ಒಂದು ಕಿಟಕಿ. ಅಪ್ಪನ ಕಾಲದಿಂದ ಒಂದು ಪದ್ಧತಿ ನಡೆದುಬಂದಿತ್ತು. ಪಂಪನ್ನು ಮುಟ್ಟಿದವರು ಕಿಟಕಿಯಿಂದ ಕೂಗಬೇಕು: “ಲೋಳೆ ಏರ್ತು!” ಜಾಲರಿಯ ಹತ್ತಿರ ಇರುವವನು ಕೈ ಎತ್ತಿ ಮರುಕೂಗು ಕೊಡಬೇಕು: “ಏರ್ಲಿ!” ಇಳಿಸಿದರೆ “ಇಳೀತು”, “ಇಳೀಲಿ.” ಮರುಕೂಗು ಬರದೆ ಕೈ ತೆಗೆಯುವಂತಿಲ್ಲ. ನಾವಿಬ್ಬರೂ ಮಾತು ಬಿಟ್ಟ ಮೇಲೆ ನಾನು ಆ ಕಿಟಕಿ ಮುಚ್ಚಿದೆ. ಸದ್ದು ಜಾಸ್ತಿ ಎಂದು ಹೇಳಿದೆ. ಏನಾದರೂ ಬದಲಾದರೆ ಪುಡಿಮಾವನ ಮೂಲಕ ಹೇಳಿ ಕಳಿಸುತ್ತಿದ್ದೆ. ಪುಡಿಮಾವ ಎಂದರೆ ಲೋಳೆಯ ಪುಡಿಯನ್ನು ನೀರಿಗೆ ಉದುರಿಸಿ ಕರಗಿಸುವವನು, ಎಲ್ಲರಿಗೂ ಮಾವ. ಮನೆಯಲ್ಲಿ ಅಮ್ಮ, ಇಲ್ಲಿ ಮಾವ.

ಯಂತ್ರ ಶುರುವಾದಾಗ ಎಲ್ಲ ಸರಿಯಿತ್ತು. ಅಚ್ಚಿನ ಕಂಪನಿಯಿಂದ ಬಂದವರು ಒಬ್ಬ ಹೆಂಗಸು, ಮಾತು ಕಡಿಮೆ. ಒಣಗಿ ಬಂದ ಹಾಳೆಯ ತುಂಡನ್ನು ಬೆಳಕಿಗೆ ಹಿಡಿದು ನೋಡುವುದು, ಮಡಚಿ ಕೈಚೀಲದಲ್ಲಿ ಇಟ್ಟುಕೊಳ್ಳುವುದು, ಅಷ್ಟೆ. ಸಾಹೇಬರು ಅವರ ಹಿಂದೆ ಹಿಂದೆ ಓಡಾಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಕೆಳಗಿನ ನೀರು ಮಸುಕಾಯಿತು. ತೆಳು ಕಾಗದಕ್ಕೆ ಸುಣ್ಣದ ಪುಡಿ ಹೆಚ್ಚು, ಜಾಲರಿಯ ವೇಗವೂ ಹೆಚ್ಚು. ಹೀಗಾಗಬಹುದೆಂದು ನನಗೆ ಗೊತ್ತಿತ್ತು. ಔಷಧಿ ಕೋಣೆಗೆ ಹೋಗಿ ಪಂಪಿನ ಅಳತೆಯನ್ನು ಒಂದು ಗೆರೆ ಏರಿಸಿದೆ. ಪುಡಿಮಾವ ಚಹಾಕ್ಕೆ ಹೋಗಿದ್ದ. ಕಿಟಕಿಯ ಚಿಲಕದ ಮೇಲೆ ಕೈಯಿಟ್ಟೆ. ತೆರೆದರೆ ಎದುರಿಗೇ ಅವನು. ಸಾಹೇಬರ ಮುಂದೆ, ಹೊರಗಿನವರ ಮುಂದೆ ಕೂಗಿ, ಅವನು ಕೈ ಎತ್ತದೆ ಹೋದರೆ? ಒಂದು ಗೆರೆಗೆ ಏನು ಮಹಾ ಎಂದುಕೊಂಡು ಚಿಲಕದಿಂದ ಕೈ ತೆಗೆದೆ.

ನೀರು ತಿಳಿಯಾಯಿತು. ಎದೆಯೂ ಹಗುರಾಯಿತು. ಆದರೆ ಹೆಚ್ಚು ಹೊತ್ತು ಅಲ್ಲ. ಮತ್ತೆ ನೋಡಿದಾಗ ಮತ್ತೆ ಮಸುಕು. ಇನ್ನೊಂದು ಗೆರೆ ಏರಿಸಿದೆ. ತಿಳಿಯಾಗಲಿಲ್ಲ. ಮತ್ತೊಂದು.

ಆಗ ಹಾಳೆ ಹರಿಯಿತು.

ಹಾಳೆ ಹರಿದರೆ ಗಂಟೆ ಹೊಡೆಯುತ್ತದೆ, ಒದ್ದೆ ಕಾಗದ ನೀರು ಹಿಂಡುವ ಪ್ರೆಸ್ಸಿನ ಕೆಳಗೆ ಗುಡ್ಡೆ ಬೀಳುತ್ತದೆ, ಎಲ್ಲರೂ ಒಂದೇ ಸಲ ಓಡುತ್ತಾರೆ. ಮತ್ತೆ ಹಾಳೆ ಎಳೆದು ಕೂಡಿಸಿದರು. ಮತ್ತೆ ಹರಿಯಿತು. ಆ ಹೆಂಗಸು ತುಂಡೊಂದನ್ನು ಬೆಳಕಿಗೆ ಹಿಡಿದರು. ನಾನೂ ದೂರದಿಂದ ನೋಡಿದೆ. ಒಂದು ಕಡೆ ದಪ್ಪ, ಒಂದು ಕಡೆ ಬಯಲು, ಮೋಡ ಮೋಡ. ಅವರು ಅದನ್ನು ಮಡಚಿ ಚೀಲಕ್ಕೆ ಹಾಕಲಿಲ್ಲ. ಅಲ್ಲೇ ಮೇಜಿನ ಮೇಲೆ ಇಟ್ಟರು.

“ಏನ್ರೀ ಲ್ಯಾಬಮ್ಮ, ನೀರು ನೋಡಿದ್ರಾ?” ಸಾಹೇಬರು ಜಾಲರಿಯ ಕೆಳಗೆ ಬೆರಳು ತೋರಿಸಿದರು. “ಬಿಂದಿಗೆ ತಂದು ಹಿಡಿದ್ರೆ ಮಾರಬಹುದು, ಹಾಲು ಅಂತ!”

“ನೋಡ್ತಿದ್ದೀನಿ ಸರ್.”

“ನೋಡೋದು ಸಾಕು, ಏನಾದ್ರೂ ಮಾಡಿ!”

ಮಾಡುತ್ತಿದ್ದೇನೆ ಎಂದು ಹೇಳುವಂತಿರಲಿಲ್ಲ. ಕೂಗದೆ ಏರಿಸಿದ್ದೆ.

ಲ್ಯಾಬಿಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಕೈಗೆ ಏನಾದರೂ ಕೆಲಸ ಬೇಕಿತ್ತು. ಜಾಲರಿಗೆ ಹೋಗುವ ಮುಂಚಿನ ತಿರುಳುನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿದೆ. ಒಂದಕ್ಕೆ ಲೋಳೆಯ ಹನಿ ಹಾಕಿ ಕಲಕಿದೆ. ಹನಿ ಬಿದ್ದರೆ ಚೂರುಗಳು ಕೂಡಿಕೊಂಡು ಕೆಳಗೆ ಕೂರಬೇಕು, ಮೇಲೆ ತಿಳಿ ಬರಬೇಕು. ಕೂರಲಿಲ್ಲ. ನೀರು ಇನ್ನಷ್ಟು ಬೆಳ್ಳಗಾಯಿತು. ಇನ್ನೊಂದು ಲೋಟಕ್ಕೆ ಲೋಳೆ ಇನ್ನೂ ತಾಗದ ಬೇರೆ ತಿರುಳನ್ನು ಸ್ವಲ್ಪ ಬೆರೆಸಿದೆ. ಕಣ್ಣೆದುರೇ ಅದು ಹತ್ತಿಯಂತೆ ಕೂಡಿ ತಳಕ್ಕಿಳಿಯಿತು.

ಕಡಿಮೆಯಾಗಿರಲಿಲ್ಲ. ವಿಪರೀತ ಹೆಚ್ಚಾಗಿತ್ತು. ಲೋಳೆ ಒಂದು ಮಿತಿ ದಾಟಿದರೆ ಪ್ರತಿಯೊಂದು ಚೂರನ್ನೂ ಪೂರ್ತಿ ಸುತ್ತಿಕೊಂಡುಬಿಡುತ್ತದೆ. ಆಮೇಲೆ ಒಂದನ್ನೊಂದು ಹಿಡಿಯಲು ಜಾಗವೇ ಇರುವುದಿಲ್ಲ; ಹತ್ತಿರ ಬಂದದ್ದನ್ನು ದೂರ ತಳ್ಳುತ್ತವೆ. ಕಡಿಮೆಯಾದರೂ ಮಸುಕು, ಹೆಚ್ಚಾದರೂ ಮಸುಕು. ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ನಾನು ಏರಿಸಿದ ಮೂರು ಗೆರೆಗೆ ಇಷ್ಟಾಗುವುದು ಸಾಧ್ಯವೇ ಇರಲಿಲ್ಲ. ಬೇರೆಲ್ಲಿಂದಲೋ ಲೋಳೆ ಬೀಳುತ್ತಿದೆ.

ಔಷಧಿ ಕೋಣೆಯಲ್ಲಿ ಪುಡಿಮಾವ ತೊಟ್ಟಿಯ ಮೇಲೆ ಬಗ್ಗಿದ್ದ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದ, ಒಮ್ಮೆಲೇ ಸುರಿದರೆ ಗಂಟು ಕಟ್ಟುತ್ತದೆ.

“ಮಾವ, ಇವತ್ತು ಲೋಳೆ ಜಾಸ್ತಿ ಖರ್ಚಾಗ್ತಿದೆಯಾ?”

“ಆಗದೆ ಏನು ತಾಯಿ? ಮೇಲಿನ ಡ್ರಮ್ಮು ಬೆಳಿಗ್ಗೆ ತುಂಬಿಸಿಟ್ಟಿದ್ದೆ, ಈಗ ನೋಡಿದ್ರೆ ಅರ್ಧಕ್ಕೆ ಬಂದಿದೆ. ಡ್ರಮ್ಮೇ ಸೋರ್ತಿದೆಯೋ, ನನ್ನ ತಲೆಯೇ ಸೋರ್ತಿದೆಯೋ ಗೊತ್ತಾಗ್ಲಿಲ್ಲ. ಕೇಳಿದ್ರೆ ನಗ್ತಾರೆ ಅಂತ ಸುಮ್ಮನಿದ್ದೆ.”

ಮೇಲಿನ ಡ್ರಮ್ಮು ಪಂಪು ಬರುವುದಕ್ಕೆ ಮುಂಚಿನದು. ಅದರಿಂದ ಇಳಿದ ಪೈಪಿಗೆ ಕೈಯಿಂದ ತಿರುಗಿಸುವ ನಲ್ಲಿ ಜಾಲರಿಯ ತಲೆಯ ಹತ್ತಿರವೇ ಇದೆ. ಅಪ್ಪ ಅದನ್ನೇ ತಿರುಗಿಸುತ್ತಿದ್ದ. ಈಗ ಪಂಪು ಕೆಟ್ಟರೆ ಇರಲಿ ಎಂದು ಡ್ರಮ್ಮನ್ನು ತುಂಬಿಸಿಡುತ್ತಾರೆ, ನಲ್ಲಿಗೆ ತಂತಿ ಸುತ್ತಿದ್ದಾರೆ. ತಂತಿ ಬಿಚ್ಚಿದವರು ಅವತ್ತೇ ಗೇಟಿನ ಹೊರಗೆ ಎಂದು ಸಾಹೇಬರ ಅಪ್ಪಣೆ.

ನೀರಿನ ಮಾದರಿ ತೆಗೆಯುವ ನೆಪದಲ್ಲಿ ಲೋಟ ಹಿಡಿದು ಯಂತ್ರದ ಅಂಗಳಕ್ಕೆ ಹೋದೆ. ತಮ್ಮ ನನ್ನ ಕಡೆ ತಿರುಗಲಿಲ್ಲ. ಅವನ ಅಂಗಿ ಬೆನ್ನಿಗೆ ಅಂಟಿತ್ತು. ನಲ್ಲಿಯ ಕೆಳಗಿನ ನೆಲದಲ್ಲಿ ಉಪ್ಪು ಹರಡಿತ್ತು. ಲೋಳೆ ಚೆಲ್ಲಿದರೆ ನಾವು ನೀರು ಹಾಕುವುದಿಲ್ಲ. ನೀರು ತಾಗಿದಷ್ಟೂ ಅದು ಜಾರುತ್ತದೆ. ಉಪ್ಪು ಹಾಕುತ್ತೇವೆ. ಎಷ್ಟೇ ಅವಸರವಿದ್ದರೂ ಇನ್ನೊಬ್ಬರು ಜಾರಿ ಬೀಳಬಾರದು ಎಂದು ಅಂಚಿನಿಂದ ಅಂಚಿಗೆ ಉಪ್ಪು ಹರಡುವವನು ಆ ಅಂಗಳದಲ್ಲಿ ಒಬ್ಬನೇ. ನಲ್ಲಿಯ ತಂತಿ ಸಡಿಲವಾಗಿ ನೇತಾಡುತ್ತಿತ್ತು.

ಎಲ್ಲ ತಿಳಿಯಿತು. ನಾನು ಏರಿಸುತ್ತಿದ್ದೆ, ಅವನೂ ಬಿಡುತ್ತಿದ್ದ. ನೀರು ಕೆಟ್ಟಷ್ಟೂ ನಾನು ಇನ್ನೊಂದು ಗೆರೆ, ಅವನು ಇನ್ನೊಂದು ತಿರುವು.

ಲ್ಯಾಬಿಗೆ ಹೋಗದೆ ಔಷಧಿ ಕೋಣೆಗೆ ಬಂದೆ. ಸಾಹೇಬರಿಗೆ ಹೇಳಿದರೆ ನೀರು ಸರಿಹೋದೀತು, ಆದರೆ ತಮ್ಮ ಗೇಟಿನ ಹೊರಗೆ. ಹೇಳದಿದ್ದರೆ ಯಂತ್ರವೇ ಗೇಟಿನ ಹೊರಗೆ, ಅವನೂ ಅದರ ಜೊತೆ. ಸದ್ದಿಲ್ಲದೆ ನನ್ನ ಪಂಪನ್ನು ಇಳಿಸಿಬಿಡೋಣವೆಂದರೆ, ನೀರು ಇನ್ನೂ ಮಸುಕಾಗಿದೆ ಎಂದು ಅವನು ಮತ್ತೆ ತಿರುಗಿಸುತ್ತಾನೆ. ಪುಡಿಮಾವನ ಕೈಯಲ್ಲಿ ಹೇಳಿ ಕಳಿಸೋಣವೆಂದರೆ, ಮಾವನ ಪಿಸುಮಾತು ಮೂರು ಯಂತ್ರದಾಚೆ ಕೇಳಿಸುತ್ತದೆ. ಗೋಡೆಯ ಗಡಿಯಾರ ನೋಡಿದೆ. ಒಂದು ರೋಲ್ ತುಂಬಲು ಬೇಕಾದಷ್ಟು ಹೊತ್ತು ಉಳಿದಿತ್ತು, ಅದಕ್ಕೆ ಮೇಲೆ ಒಂದಿಷ್ಟೇ.

ಪಂಪನ್ನು ಪೂರ್ತಿ ಇಳಿಸಿದೆ. ಚಿಲಕ ತೆಗೆಯಲು ಹೋದರೆ ಅದು ತುಕ್ಕು ಹಿಡಿದು ಕೂತಿತ್ತು. ಅಂಗೈಯಿಂದ ಗುದ್ದಿದೆ. ಕಿಟಕಿ ತೆರೆದುಕೊಂಡು ಯಂತ್ರದ ಸದ್ದೆಲ್ಲ ಮುಖಕ್ಕೆ ಹೊಡೆಯಿತು.

“ಲೋಳೆ ಇಳೀತು!”

ತಮ್ಮ ಬೆನ್ನು ತಿರುಗಿಸಿಯೇ ಇದ್ದ. ಕೇಳಿಸಿದೆ ಎಂದು ನನಗೆ ಗೊತ್ತಾಯಿತು. ಕೆಲಸ ಮಾಡುತ್ತಿದ್ದ ಅವನ ಕೈ ನಿಂತಿತ್ತು.

ಸಾಹೇಬರಿಗೂ ಕೇಳಿಸಿತು. “ಏನಮ್ಮ ಇಳಿಸೋದು? ನೀರು ಹಾಲಾಗಿದೆ, ಏರಿಸಿ! ತಲೆ ನೆಟ್ಟಗಿದೆಯಾ?”

“ಹೆಚ್ಚಾಗಿದೆ ಸರ್. ಹೆಚ್ಚಾಗಿಯೇ ಹಾಲಾಗಿರೋದು.” ಅವರಿಗೆ ಹೇಳುತ್ತಿದ್ದೆ, ನೋಡುತ್ತಿದ್ದುದು ಆ ಬೆನ್ನನ್ನು. “ಬೆಳಿಗ್ಗೆಯಿಂದ ನಾನು ಏರಿಸ್ತಾ ಬಂದೆ. ಮೂರು ಸಲ. ಒಂದು ಸಲವೂ ಕೂಗಲಿಲ್ಲ.”

“ಕೂಗದೆ ಏರಿಸಿದ್ರಾ?” ಸಾಹೇಬರ ಬಾಯಿ ತೆರೆದೇ ಇತ್ತು. ಅಚ್ಚಿನ ಕಂಪನಿಯ ಹೆಂಗಸು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ಇದೇನು ಮನೆ ಅಡುಗೆಯಾ, ಉಪ್ಪು ಸಾಲದು ಅಂತ ಸುಮ್ಮನೆ ಹಾಕ್ಕೊಳ್ಳೋಕೆ?”

ಅವರ ಬೈಗುಳ ಮುಂದುವರಿದಿತ್ತು. ತಮ್ಮ ತಿರುಗಿದ. ಆರೇಳು ತಿಂಗಳಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದ. ಮೊದಲು ನನ್ನನ್ನು, ಆಮೇಲೆ ತನ್ನ ಕಾಲ ಬಳಿಯ ಉಪ್ಪನ್ನು, ಮತ್ತೆ ನನ್ನನ್ನು. ಅವನು ಲೆಕ್ಕ ಕೂಡಿಸುತ್ತಿದ್ದ.

“ಲೋಳೆ ಇಳೀತು!” ಮತ್ತೆ ಕೂಗಿದೆ.

ಅವನು ಎಡಗೈ ಮೇಲೆತ್ತಿದ. “ಇಳೀಲಿ!”

ಎಲ್ಲರೂ ಮೇಲೆದ್ದ ಕೈಯನ್ನೇ ನೋಡಿದರು. ಅವನ ಬಲಗೈ ಕೆಳಗೆ, ಮೈಯ ಮರೆಯಲ್ಲಿ, ನಲ್ಲಿಯನ್ನು ಬಿಗಿಯುತ್ತಿದ್ದುದು ಕಿಟಕಿಯಲ್ಲಿದ್ದ ನನಗೆ ಮಾತ್ರ ಕಾಣುತ್ತಿತ್ತು.

ಲೋಳೆ ನಿಲ್ಲಿಸಿದ ತಕ್ಷಣ ನೀರು ತಿಳಿಯಾಗುವುದಿಲ್ಲ. ಜಾಲರಿಯ ಕೆಳಗಿನ ನೀರು ಸುತ್ತಿ ಬಂದು ಮತ್ತೆ ತಿರುಳಿಗೇ ಸೇರುತ್ತದೆ. ಹಳೆಯ ತಪ್ಪು ತಿರುಗಿ ತಿರುಗಿ ಬರುತ್ತಿರುತ್ತದೆ, ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಕರಗುತ್ತ. ಆ ಹೊತ್ತು ನನ್ನಿಂದ ಒಂದು ಕಡೆ ನಿಲ್ಲಲಾಗಲಿಲ್ಲ. ಪಂಪಿನ ಹತ್ತಿರ, ಕಿಟಕಿಯ ಹತ್ತಿರ, ಮತ್ತೆ ಪಂಪಿನ ಹತ್ತಿರ. “ತಾಯಿ, ನೆಲ ಸವೆದುಹೋಗುತ್ತೆ” ಎಂದ ಪುಡಿಮಾವ. ಹಾಳೆ ಒಮ್ಮೆ ಹರಿಯಿತು. ಕೂಡಿಸಿದರು. ಆಮೇಲೆ ಕೆಳಗಿನ ನೀರಿನ ಬಣ್ಣ ಗಂಜಿಯಂತಾಯಿತು, ಆಮೇಲೆ ಮಸುಕು ಗಾಜಿನಂತೆ.

ನಿಲ್ಲಿಸಿದ ಲೋಳೆಯನ್ನು ಪೂರ್ತಿ ನಿಂತೇ ಇರಲು ಬಿಡುವಂತಿರಲಿಲ್ಲ. ಸರಿಯಾದ ಹೊತ್ತಿಗೆ ಒಂದು ಗೆರೆ ಕೊಡಬೇಕಿತ್ತು.

“ಲೋಳೆ ಏರ್ತು!”

“ಏರ್ಲಿ!”

“ಇನ್ನರ್ಧ!”

“ಬರ್ಲಿ!” ಪದ್ಧತಿಯಲ್ಲಿ ಆ ಮಾತಿರಲಿಲ್ಲ.

ಹೊಸ ರೋಲ್ ತುಂಬುತ್ತ ಹೋಯಿತು. ಪಾಳಿಯ ಗಂಟೆ ಹೊಡೆದಾಗ ರೋಲ್ ಅಂಚಿನವರೆಗೆ ಬಂದಿತ್ತು, ಹರಿದಿರಲಿಲ್ಲ. ಆ ಹೆಂಗಸು ಹೊರಸುತ್ತಿನಿಂದ ಒಂದು ತುಂಡು ಹರಿದುಕೊಂಡು ಬೆಳಕಿಗೆ ಹಿಡಿದರು. ತುಂಬ ಹೊತ್ತು ಹಿಡಿದೇ ಇದ್ದರು. ಆಮೇಲೆ ಮಡಚಿ ಕೈಚೀಲದಲ್ಲಿ ಇಟ್ಟುಕೊಂಡರು.

“ಇದೇ ತರಹ ಬರ್ತಿದ್ರೆ ತಗೋತೀವಿ” ಎಂದರು. ಯಾರೋ ಶಿಳ್ಳೆ ಹಾಕಿದರು.

ಸಾಹೇಬರು ಅವರನ್ನು ಕಾರಿನವರೆಗೆ ಬಿಟ್ಟು ಬಂದು, ನೇರ ನನ್ನ ಹತ್ತಿರ ಬಂದು ಕೈ ಚಾಚಿದರು. “ಔಷಧಿ ಕೋಣೆಯ ಕೀಲಿ ಕೊಡಿ.”

ಕೊಟ್ಟೆ.

“ಹೆಚ್ಚಾಗಿದೆ ಅಂತ ಕಂಡುಹಿಡಿದಿರಿ, ಒಪ್ಪಿದೆ. ಹೆಚ್ಚು ಮಾಡಿದ್ದೂ ನೀವೇ. ಇನ್ನು ಮೇಲೆ ನೀವು ಲೋಟ ಕಲಕಿ, ಎಷ್ಟು ಬೇಕು ಅಂತ ಹೇಳಿ ಸಾಕು. ಪಂಪು ಮುಟ್ಟೋದು ಬೇಡ.” ಅವರು ತಮ್ಮನ ಕಡೆ ತಿರುಗಿದರು. “ಇದು ನಿನ್ನ ಹತ್ರ ಇರಲಿ. ನೀನಾದ್ರೂ ಪದ್ಧತಿ ಬಿಡೋನಲ್ಲ.”

ತಮ್ಮ ಬಾಯಿ ತೆರೆದ. ನಾನು ತಲೆ ಅಲ್ಲಾಡಿಸಿದೆ, ಕಾಣದಷ್ಟು ಸಣ್ಣದಾಗಿ. ಅವನು ಬಾಯಿ ಮುಚ್ಚಿ ಕೀಲಿ ತೆಗೆದುಕೊಂಡ. ಅದನ್ನು ಸುಡುವ ಪಾತ್ರೆಯಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಿದ್ದ.

ಮನೆಯ ದಾರಿಯಲ್ಲೂ ಅವನು ಮುಂದೆ, ನಾನು ಹಿಂದೆ. ಒಂದೇ ವ್ಯತ್ಯಾಸವೆಂದರೆ ಅವನು ಆಗಾಗ ನಿಲ್ಲುತ್ತಿದ್ದ. ಬೂಟಿನ ದಾರ ಬಿಚ್ಚಿಲ್ಲದಿದ್ದರೂ ಬಗ್ಗಿ ಕಟ್ಟುತ್ತಿದ್ದ. ನಾನು ಹತ್ತಿರ ಬರುವಷ್ಟರಲ್ಲಿ ಮತ್ತೆ ನಡೆಯುತ್ತಿದ್ದ.

ಮನೆಯಲ್ಲಿ ಅಮ್ಮ ಬೆಳಗಿನ ಡಬ್ಬಿಯನ್ನೇ ಬಿಸಿ ಮಾಡಿ ಅವನ ಮುಂದಿಟ್ಟಳು. ಯಂತ್ರ ಉಳಿಯಿತು ಎಂದು ಅವನು ಹೇಳಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸುಮ್ಮನೆ ಒಳಗೆ ಹೋಗಿ ಬಂದಳು. ಅವನಿಗೆ ಹಸಿವಿತ್ತು, ಆದರೂ ಕೈ ತಟ್ಟೆಯಲ್ಲೇ ಆಡುತ್ತಿತ್ತು.

“ಅಮ್ಮ, ಕೇಳು ಅವಳನ್ನ” ಎಂದು ಶುರುಮಾಡಿದ. ಅಮ್ಮ ನನ್ನ ಕಡೆ ತಿರುಗಿದಳು. ಅವನು ಅಲ್ಲಿಗೇ ನಿಲ್ಲಿಸಿದ.

“ನಿನ್ನ ಲೆಕ್ಕ ಕಡಿಮೆ ಬಿತ್ತು ಅಂದ್ಕೊಂಡೆ” ಎಂದ, ತಟ್ಟೆಗೆ. “ರೋಲ್ ಬರದಿದ್ರೆ ಎಲ್ರೂ ಲ್ಯಾಬ್ ಮೇಲೆ ಹಾಕ್ತಾರೆ. ಅದಕ್ಕೇ ಬಿಟ್ಟೆ.”

“ಗೊತ್ತು.”

“ನೀನ್ಯಾಕೆ ಏರಿಸ್ತಾ ಹೋದೆ?”

“ಇನ್ಯಾಕೆ?”

ಅವನು ಒಂದು ತುತ್ತು ತಿಂದ. ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು, ಅಲುಗಾಡಿದರೆ ಏನೋ ಮುರಿದೀತು ಎಂಬಂತೆ.

“ನಾಳೆ ಪಂಪು ಎಷ್ಟಕ್ಕಿಡ್ಲಿ, ಅಕ್ಕ?”

ಇದೇ ನನ್ನನ್ನು ದಾರಿಯುದ್ದಕ್ಕೂ ಕಾಡಿದ್ದು. ಕೊನೆಯ ರೋಲ್ ಚೆನ್ನಾಗಿ ಬಂದದ್ದು ನಿಜ. ಆದರೆ ಅದರೊಳಗೆ ಪಂಪಿನ ಲೋಳೆ ಎಷ್ಟು, ನೀರಿನಲ್ಲಿ ಸುತ್ತುತ್ತ ಉಳಿದ ನಲ್ಲಿಯ ಲೋಳೆ ಎಷ್ಟು? ಪಂಪಿನ ಗೆರೆ ಹೇಳುವುದು ಅರ್ಧ ಮಾತ್ರ.

“ನೀನು ನಲ್ಲಿ ಎಷ್ಟು ತಿರುಗಿಸಿದ್ದೆ?”

ಅವನು ಕೈ ಮುಂದೆ ಮಾಡಿ, ಇಲ್ಲದ ನಲ್ಲಿಯನ್ನು ಗಾಳಿಯಲ್ಲಿ ತಿರುಗಿಸಿ ನೋಡಿದ. ಒಮ್ಮೆ ಸ್ವಲ್ಪ, ಇನ್ನೊಮ್ಮೆ ಇನ್ನೂ ಸ್ವಲ್ಪ. ಕೈ ಅರ್ಧದಲ್ಲೇ ನಿಂತಿತು.

“ಗೊತ್ತಿಲ್ಲ. ಕೈಗೆ ತೋಚಿದಷ್ಟು.”

“ಹಾಗಾದ್ರೆ ನನಗೂ ಗೊತ್ತಿಲ್ಲ.”

ಇದೇ ತರಹ ಬರುತ್ತಿದ್ದರೆ ತಗೋತೀವಿ ಎಂದಿದ್ದರು ಆ ಹೆಂಗಸು. ಇದೇ ತರಹ ಎಂದರೆ ಯಾವ ತರಹ ಎಂದು ಹೇಳಬಲ್ಲವರು ಇಬ್ಬರೇ ಇದ್ದೆವು, ಇಬ್ಬರಿಗೂ ಗೊತ್ತಿರಲಿಲ್ಲ.

“ಮೊದಲಿಂದ ಶುರು ಮಾಡಬೇಕು” ಎಂದೆ. “ಪಂಪು ಸೊನ್ನೆಗೆ ಇಡು. ನಾನು ಕೆಳಗಿನ ನೀರು ನೋಡ್ತಾ ನಿಲ್ತೀನಿ. ಅರ್ಧ ಗೆರೆ ಏರಿಸು, ಕೂಗು. ನಾನು ಹೇಳೋವರೆಗೂ ಕೈ ತೆಗೀಬೇಡ.”

“ಜಾಲರಿ ಹತ್ರ ನೀನಾ?” ಅವನ ತುಟಿಯ ಅಂಚು ಸ್ವಲ್ಪ ಸಡಿಲವಾಯಿತು. “ಅಲ್ಲಿ ಲೋಟ ಕಲಕೋಕೆ ಆಗಲ್ಲ. ಬಟ್ಟೆ ಒದ್ದೆಯಾಗುತ್ತೆ, ಕಿವಿ ಗುಂಯ್ ಅನ್ನುತ್ತೆ.”

“ಆಗ್ಲಿ.”

ಅವನು ತಟ್ಟೆ ತೊಳೆಯಲು ಎದ್ದ. ಜೇಬಿನಲ್ಲಿ ಕೀಲಿ ಸದ್ದು ಮಾಡಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನಾಗಿಸಿ, ನಲ್ಲಿಯ ಮುಂದೆ ನೀರು ಬಿಡದೆ ನಿಂತ.

“ಆ ಕಿಟಕಿ ಚಿಲಕಕ್ಕೆ ಎಣ್ಣೆ ಹಾಕಬೇಕು” ಎಂದ. “ಎಷ್ಟು ಗುದ್ದಿದೆ ನೀನು. ಯಂತ್ರದ ಸದ್ದಲ್ಲೂ ಕೇಳಿಸ್ತು.”